ಮೇಲಿನಕ್ಕ ಕೆಳಗಿಳಿದ ದಿನ

ಆ ಕಟ್ಟಡದ ಕೆಲಸದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಮೇಲಿನಕ್ಕ. ಕ್ರೇನಿನ ನೆತ್ತಿಯಲ್ಲಿ ಗಾಜಿನ ಕ್ಯಾಬಿನ್ ಒಂದಿತ್ತಲ್ಲ, ಬೆಳಿಗ್ಗೆ ಅದರೊಳಗೆ ಹೋಗಿ ಕೂತರೆ ಮುಗಿಯಿತು, ಸಂಜೆಯವರೆಗೆ ಕೆಳಗಿನವರ ಪಾಲಿಗೆ ಅವಳೊಂದು ಧ್ವನಿ ಮಾತ್ರ. ವಾಕಿಟಾಕಿಯಲ್ಲಿ ಆ ಧ್ವನಿ "ಎತ್ತಲಾ?" ಎಂದರೆ ಎಂಥ ಬಾಯಿಬಡುಕ ಮೇಸ್ತ್ರಿಯೂ ಮಾತು ನಿಲ್ಲಿಸಿ ಪಕ್ಕಕ್ಕೆ ಸರಿಯುತ್ತಿದ್ದ. ಅವಳಿಗೆ ಅದು ಇಷ್ಟ. ಇಷ್ಟವೆಂದು ಹೇಳಿಕೊಳ್ಳಲು ನಾಚಿಕೆಯೂ ಇರಲಿಲ್ಲ.

ಆ ಕುರ್ಚಿ ಸುಮ್ಮನೆ ಸಿಕ್ಕಿದ್ದಲ್ಲ. ಕೆಲಸಕ್ಕೆ ತೆಗೆದುಕೊಳ್ಳುವ ದಿನ ಎಂಜಿನಿಯರ್ ಅವಳ ಲೈಸೆನ್ಸನ್ನು ತಿರುವಿ ಮುರುವಿ ನೋಡಿದ್ದ. ಮೇಲೆ ಶೌಚಾಲಯವಿಲ್ಲ, ಒಮ್ಮೆ ಇಳಿದು ಹತ್ತುವಷ್ಟರಲ್ಲಿ ಕೆಳಗೆ ಎಲ್ಲರೂ ಕೈಕಟ್ಟಿ ಕೂರಬೇಕಾಗುತ್ತದೆ ಎಂದು ಶುರುಮಾಡಿ, ಹೆಂಗಸರಿಗೆ ತಿಂಗಳಿಗೊಮ್ಮೆ ಎಂಬಲ್ಲಿಗೆ ಬಂದು ಮಾತು ನುಂಗಿಕೊಂಡಿದ್ದ. ಉಳಿದದ್ದನ್ನು ಅವಳೇ ಪೂರ್ತಿ ಮಾಡಿದ್ದಳು.

"ಆ ತಿಂಗಳ ಕಾಟ ನನಗಿಲ್ಲ ಸಾರ್. ನಿಮ್ಮ ಗಂಡಸರಿಗಿಂತ ಕಮ್ಮಿ ಇಳಿಯೋಳು ನಾನು."

ಎಂಜಿನಿಯರ್ ಕೆಮ್ಮಿ, ಕನ್ನಡಕ ಒರೆಸಿಕೊಂಡು ಸಹಿ ಹಾಕಿದ. ಅವಳು ಹೇಳಿದ್ದು ಹಸಿ ಸುಳ್ಳೇನೂ ಅಲ್ಲ. ಅವಳಿಗೆ ಮುಟ್ಟು ಬರುತ್ತಿದ್ದದ್ದೇ ಯಾವಾಗಲೋ ಒಮ್ಮೆ, ದಾರಿ ತಪ್ಪಿದ ನೆಂಟರ ಹಾಗೆ. ಈಚೆಗೆ ಅದೂ ನಿಂತುಹೋಗಿತ್ತು.

ಯಾಕೆ ನಿಂತಿದೆ ಎಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ. ಗದ್ದದಲ್ಲಿ ಒರಟು ಕೂದಲು ಹುಟ್ಟಿ, ತಿಂದದ್ದಕ್ಕೂ ತಿನ್ನದ್ದಕ್ಕೂ ಮೈ ಬಂದಾಗ ತಂಗಿ ಅವಳನ್ನು ಡಾಕ್ಟರಮ್ಮನ ಬಳಿ ಎಳೆದುಕೊಂಡು ಹೋಗಿದ್ದಳು. ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಇದಕ್ಕೆ ಪಿಸಿಓಎಸ್ ಅನ್ನುತ್ತಾರೆ, ಎಷ್ಟೋ ಹೆಂಗಸರಿಗಿರುತ್ತದೆ, ಹೆದರಬೇಕಾದ್ದಲ್ಲ, ಹಾಗಂತ ಮರೆತುಬಿಡುವಂಥದ್ದೂ ಅಲ್ಲ ಎಂದಿದ್ದರು. ಸ್ಕ್ಯಾನಿನಲ್ಲಿ ಕಾಣುವ ಚುಕ್ಕೆಗಳು ಗಡ್ಡೆಗಳಲ್ಲ, ಅರ್ಧ ಬೆಳೆದು ನಿಂತ ಅಂಡಗಳು. ಮೈಯಲ್ಲಿ ಹಾರ್ಮೋನುಗಳ ಲೆಕ್ಕ ತಪ್ಪಿದೆ, ಇನ್ಸುಲಿನ್ ಇದ್ದೂ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಅದಕ್ಕೇ ಮೈ ಬರುತ್ತದೆ, ಅದು ಸೋಮಾರಿತನವಲ್ಲ. ನಡೆಯಬೇಕು, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಕಣ್ತುಂಬ ನಿದ್ದೆ ಮಾಡಬೇಕು, ಕೊಟ್ಟ ಮಾತ್ರೆ ತಪ್ಪಿಸಬಾರದು. ಇಷ್ಟು ಹೇಳಿ, ಕೊನೆಗೆ ಪೆನ್ನು ಕೆಳಗಿಟ್ಟು ಒಂದು ಮಾತು ಹೇಳಿದ್ದರು. ಮೂರು ತಿಂಗಳಾದರೂ ಮುಟ್ಟು ಕಾಣಲಿಲ್ಲವೆಂದರೆ ಬಂದು ಹೇಳಬೇಕು, ಔಷಧಿ ಕೊಟ್ಟು ಬರಿಸಬೇಕಾಗುತ್ತದೆ, ಗರ್ಭಕೋಶದ ಒಳಪದರ ಸುಮ್ಮನೆ ಬೆಳೆಯುತ್ತಾ ಹೋಗಲು ಬಿಡಬಾರದು.

ಮೇಲಿನಕ್ಕ ಮೊದಲಿನದ್ದನ್ನೆಲ್ಲ ಪಾಲಿಸಿದಳು. ದಿನಾ ಅಷ್ಟೆತ್ತರದ ಏಣಿ ಹತ್ತುವವಳಿಗೆ ನಡೆಯುವುದೇನು ಮಹಾ. ಕೊನೆಯ ಮಾತನ್ನು ಮಾತ್ರ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಳು. ಬಾರದ್ದನ್ನು ಔಷಧಿ ನುಂಗಿ ಬರಿಸಿಕೊಂಡು, ಆ ಗಾಜಿನ ಗೂಡಿನಲ್ಲಿ ಹೊಟ್ಟೆ ಹಿಡಿದುಕೊಂಡು ಕೂರುವುದೇ? ಮದುವೆಯ ಯೋಚನೆಯಿಲ್ಲ, ಮಕ್ಕಳ ಆಸೆಯೂ ಇಲ್ಲ. ಬಾರದಿದ್ದರೆ ತನಗೇನು ನಷ್ಟ ಎಂಬುದು ಅವಳ ವಾದ. ಯಾರೊಂದಿಗೂ ಆಡದ ವಾದವಾದ್ದರಿಂದ ಅದರಲ್ಲಿ ಅವಳೇ ಗೆಲ್ಲುತ್ತಿದ್ದಳು.

ತೊಡಕೆಂದರೆ ತಂಗಿ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅವಳಿಗೆ ಪರರ ಕಣ್ಣು ತಿದ್ದಿ ತಿದ್ದಿ ತನ್ನ ಕಣ್ಣು ಹದ್ದಿನದಾಗಿತ್ತು. ಎರಡು ಕೋಣೆಯ ಬಾಡಿಗೆ ಮನೆ, ಇಬ್ಬರಿಗೂ ಸೇರಿ ಒಂದೇ ಕಪಾಟು. ಅದರಲ್ಲಿ ಪ್ಯಾಡಿನ ಪ್ಯಾಕೆಟ್ಟುಗಳು ಎಷ್ಟಿವೆ ಎಂಬುದರ ಮೇಲೆ ತಂಗಿಯ ನಿಗಾ. ಹಾಗಾಗಿ ಮೇಲಿನಕ್ಕ ತಿಂಗಳಿಗೊಂದು ಪ್ಯಾಕೆಟ್ಟನ್ನು ಎದ್ದುಕಾಣುವಂತೆ ಚೀಲಕ್ಕೆ ಹಾಕಿಕೊಂಡು, ಸೊಂಟ ನೋವೆಂದು ಒಮ್ಮೆ ನರಳಿ ಹೊರಡುತ್ತಿದ್ದಳು. ಮೇಲೆ ಹೋದ ಮೇಲೆ ಅದನ್ನು ಸೀಟಿನ ಹಿಂದಕ್ಕೆ ತುರುಕುತ್ತಿದ್ದಳು. ಒಡೆಯದ ಪ್ಯಾಕೆಟ್ಟುಗಳು ಅಲ್ಲಿ ಸಾಲಾಗಿ ಕೂತಿದ್ದವು. ತಂಗಿಯ ಕಣ್ಣಿಗೆ ಮಣ್ಣೆರಚಿದೆನೆಂದು ಅವಳಿಗೊಂದು ಸಣ್ಣ ಹೆಮ್ಮೆ.

ಹೆಮ್ಮೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ. ಒಂದು ಮಧ್ಯಾಹ್ನ ನೀರಿನ ಟ್ಯಾಂಕಿನ ನೆರಳಿನಲ್ಲಿ, ಕಂಬಿ ಕಟ್ಟುವ ಹೆಂಗಸರ ನಡುವೆ ಊಟಕ್ಕೆ ಕೂತು, ತನಗೆ ಆ ಗೋಳೇ ಇಲ್ಲವೆಂದು ಕೊಚ್ಚಿಕೊಂಡಳು. ಹೆಂಗಸರು ಹೊಟ್ಟೆಕಿಚ್ಚುಪಟ್ಟರು. ತಲೆಗೆ ಹಳದಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದ ಒಬ್ಬಳು, ಹೆಚ್ಚು ಮಾತಿನವಳಲ್ಲ, ಕೈ ತೊಳೆಯುವಾಗ ಹತ್ತಿರ ಬಂದು ತನಗೂ ತಿಂಗಳುಗಟ್ಟಲೆ ಬರುವುದಿಲ್ಲ, ಇದು ಕಾಯಿಲೆಯೇ ಎಂದು ಕೇಳಿದ್ದಳು. ನಿನ್ನ ಪುಣ್ಯ, ಬಾಯಿ ಮುಚ್ಚಿಕೊಂಡು ಸುಮ್ಮನಿರು ಎಂದು ಮೇಲಿನಕ್ಕ ಅವಳ ಬೆನ್ನು ತಟ್ಟಿ ಕಳಿಸಿದ್ದಳು.

ಆ ದಿನ ಬೆಳಗಿನಿಂದಲೇ ಗಾಳಿಯ ಲಕ್ಷಣ ಸರಿಯಿರಲಿಲ್ಲ. ಮಧ್ಯಾಹ್ನದ ಮೇಲೆ ಜೋರಾಗುತ್ತದೆಂದು ಸೂಚನೆ ಬಂದಿತ್ತು. ಅಷ್ಟರೊಳಗೆ ಕಾಂಕ್ರೀಟಿನ ಸಿದ್ಧ ಮೆಟ್ಟಿಲುಗಳನ್ನು ಎತ್ತಿ ಕಟ್ಟಡದ ಬಾವಿಯಂಥ ಸಂದಿನೊಳಗೆ ಇಳಿಸಿ ಮುಗಿಸಬೇಕೆಂದು ಎಂಜಿನಿಯರ್ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದ. ಒಂದೊಂದು ಮೆಟ್ಟಿಲುಸಾಲೂ ಲಾರಿಯಷ್ಟು ಭಾರ. ಸಂದಿನ ತಳದಲ್ಲಿ ಇಬ್ಬರು ಗಾರೆಯವರು ನಿಂತು, ಇಳಿದು ಬಂದದ್ದನ್ನು ಸರಿಯಾದ ಜಾಗಕ್ಕೆ ತಳ್ಳಿ ಕೂರಿಸಬೇಕು. ಅವರು ಮೇಲಿನಕ್ಕನಿಗೆ ಕಾಣುವುದಿಲ್ಲ, ಅವಳು ಅವರಿಗೆ ಕಾಣುವುದಿಲ್ಲ. ನಡುವೆ ಸಂದಿನ ಅಂಚಿನಲ್ಲಿ ನಿಂತ ಸನ್ನೆಯಜ್ಜನೇ ಇಬ್ಬರಿಗೂ ಕಣ್ಣು. ಕೆಲಸದಿಂದ ನಿವೃತ್ತನಾಗುವ ವಯಸ್ಸು ದಾಟಿದರೂ ನಿಲ್ಲದ ಮನುಷ್ಯ, ಎಲ್ಲ ಹೆಂಗಸರನ್ನೂ ತಾಯಿ ಎಂದೇ ಕರೆಯುವವನು.

ಕೊನೆಯ ಮೆಟ್ಟಿಲುಸಾಲು ನೆಲ ಬಿಟ್ಟು ಮೇಲೇಳುತ್ತಿದ್ದಾಗ ಅವಳ ಕಿಬ್ಬೊಟ್ಟೆಯಲ್ಲಿ ಏನೋ ಹಿಂಡಿದಂತಾಯಿತು. ಮರುಗಳಿಗೆಗೆ ಬಿಸಿಯಾದದ್ದೊಂದು ತೊಡೆಗೆ ಇಳಿಯಿತು. ಬಾಟಲಿಯ ನೀರು ಚೆಲ್ಲಿತೇನೋ ಎಂದುಕೊಂಡು ಬಗ್ಗಿ ನೋಡಿದಳು. ನೀರಲ್ಲ. ಸೀಟಿನ ಅಂಚಿನಿಂದ ಕಬ್ಬಿಣದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಆದರೂ ಕೈ ಸನ್ನೆಕೋಲು ಬಿಡಲಿಲ್ಲ. ಇಷ್ಟು ದಿನ ಬಾರದ್ದು ಒಟ್ಟಿಗೇ ಬಂತೆಂದು ಮೊದಲು ಸಿಟ್ಟು ಬಂತು, ಅದೂ ಇವತ್ತೇ ಬರಬೇಕಿತ್ತೇ ಎಂದು. ಎಡಗೈಯನ್ನು ಹಿಂದಕ್ಕೆ ಚಾಚಿ ಒಂದು ಪ್ಯಾಕೆಟ್ ಎಳೆದು, ಹಲ್ಲಿನಿಂದ ಹರಿದು, ಇದ್ದ ಪ್ಯಾಡುಗಳನ್ನೆಲ್ಲ ಬಟ್ಟೆಯೊಳಗೆ ತುರುಕಿಕೊಂಡಳು. ಅವು ತೋಯ್ದು ಭಾರವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಇನ್ನೊಂದು ಪ್ಯಾಕೆಟ್ ಹರಿದಳು. ಆಗ ಸಿಟ್ಟು ಹೋಗಿ ಭಯ ಬಂತು. ಇದು ಮುಟ್ಟಲ್ಲ, ಮುಟ್ಟು ಹೀಗಿರುವುದಿಲ್ಲ ಎಂಬುದು ಅವಳಿಗೂ ಗೊತ್ತಾಯಿತು.

ವಾಕಿಟಾಕಿಯ ಗುಂಡಿಯ ಮೇಲೆ ಹೆಬ್ಬೆರಳಿಟ್ಟಳು. ಒತ್ತಲಿಲ್ಲ. ಅದು ಒಬ್ಬರ ಕಿವಿಗೆ ಹೋಗುವ ಮಾತಲ್ಲ. ಅಜ್ಜ, ಎಂಜಿನಿಯರ್, ಮೇಸ್ತ್ರಿಗಳು, ಗೇಟಿನ ಕಾವಲುಗಾರ, ಎಲ್ಲರ ಸೊಂಟದಲ್ಲೂ ಒಂದೊಂದು ನೇತಾಡುತ್ತಿತ್ತು. ಆ ತಿಂಗಳ ಕಾಟ ನನಗಿಲ್ಲ ಸಾರ್ ಎಂದವಳು ಇವತ್ತು ಎಲ್ಲರ ಕಿವಿಗೂ ಏನೆಂದು ಹೇಳಬೇಕು? ಇಂದು ಹೇಳಿದರೆ ನಾಳೆ ಈ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ.

"ತಾಯಿ, ಯಾಕೆ ನಿಲ್ಲಿಸಿದೆ?" ಅಜ್ಜನ ಧ್ವನಿ.

"ಗಾಳಿ ನೋಡ್ತಿದ್ದೆ ಅಜ್ಜ. ಇಳಿಸಲಾ?"

"ಇಳಿಸು. ನಿಧಾನಕ್ಕೆ. ಕೆಳಗೆ ಇಬ್ಬರಿದ್ದಾರೆ."

ಇಳಿಸಿದಳು. ಗಾಜಿನಾಚೆಯ ಕಟ್ಟಡ ಒಮ್ಮೆ ಹತ್ತಿರ ಬಂದು ಒಮ್ಮೆ ದೂರ ಸರಿಯಿತು. ಕಿವಿಯಲ್ಲಿ ಗುಂಯ್‌ಗುಡುವ ಸದ್ದು. ಹಣೆಯ ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ನಾಲಿಗೆ ಕಚ್ಚಿಕೊಂಡಳು, ನೋವಿನಿಂದಲಾದರೂ ಎಚ್ಚರವಿರಲಿ ಎಂದು. ಇಲ್ಲಿ ತನ್ನ ಕಣ್ಣು ಮುಚ್ಚಿದರೆ ಅಲ್ಲಿ ಇಬ್ಬರ ಜೀವ. ಆ ಇಬ್ಬರಲ್ಲೊಬ್ಬ ಬೆಳಿಗ್ಗೆಯಷ್ಟೇ ತನ್ನ ಮಗಳ ಮುರಿದ ಹಲ್ಲಿನ ಕತೆ ಹೇಳಿ ನಗಿಸಿದ್ದ. ಅಜ್ಜ ಬಲಕ್ಕೆ ಎಂದ, ಬಲಕ್ಕೆ ತಿರುಗಿಸಿದಳು. ಕೂದಲೆಳೆಯಷ್ಟು ಎಡಕ್ಕೆ ಎಂದ, ತಿರುಗಿಸಿದಳು. ಹಗ್ಗ ಸಡಿಲವಾದಾಗ ಕ್ರೇನ್ ಮೈ ಕೊಡವಿದಂತೆ ಅಲುಗಾಡಿತು, ಕೂತಿತು ಕೂತಿತು ಎಂದು ಕೆಳಗಿನಿಂದ ಕೂಗು ಬಂತು.

ಅವಳು ಇನ್ನೇನು ಉಸಿರು ಬಿಡಬೇಕು, ಎಂಜಿನಿಯರ್ ಮಾತಿಗೆ ಬಂದ. ಗಾಳಿ ಇನ್ನೂ ಅಷ್ಟಿಲ್ಲ, ಕಂಬಿಯ ಕಟ್ಟೊಂದು ಉಳಿದಿದೆ, ಅದನ್ನೂ ಎತ್ತಿಬಿಡಲಿ ಎಂದ. ಮೇಲಿನಕ್ಕ ನೆಲ ನೋಡಿದಳು. ಚಪ್ಪಲಿಯ ಗುರುತು ಕಾಣದಷ್ಟು ರಕ್ತ ಹರಡಿತ್ತು. ಸೀಟಿನ ಹಿಂದೆ ಕೈ ಹಾಕಿದಳು, ಇನ್ನೂ ಕೆಲವು ಪ್ಯಾಕೆಟ್ಟುಗಳಿದ್ದವು. ತಂಗಿಗೆ ಸುಳ್ಳು ಹೇಳಿ ತಂದಿಟ್ಟ ಅವು ಇಲ್ಲದಿದ್ದರೆ ತಾನು ಆಗಲೇ ಬಿದ್ದಿರುತ್ತಿದ್ದೆ ಎನ್ನಿಸಿ ಅವಳಿಗೆ ಅಳು ಬಂತು. ಗುಂಡಿ ಒತ್ತಿದಳು.

"ಎತ್ತಕ್ಕಾಗಲ್ಲ ಸಾರ್. ನನಗೆ ರಕ್ತ ಹೋಗ್ತಿದೆ. ಮುಟ್ಟಿನ ರಕ್ತ. ತುಂಬಾ ಹೋಗ್ತಿದೆ, ನಿಲ್ತಿಲ್ಲ. ಒಬ್ಬಳೇ ಇಳಿಯಕ್ಕೆ ನನ್ ಕೈಲಾಗಲ್ಲ. ಯಾರಾದ್ರೂ ಬನ್ನಿ."

ಕೆಳಗೆ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಯಾರ ಮುಖವನ್ನೂ ನೋಡದೆ ನಿಂತರಂತೆ. ಮೊದಲು ಮಾತಾಡಿದವನು ಅಜ್ಜ.

"ಬರ್ತಾರೆ ತಾಯಿ. ಅಲ್ಲೀವರೆಗೆ ಎಚ್ಚರ ತಪ್ಪಬೇಡ. ಗಾಳಿಗೆ ಬಿಟ್ಟೆಯಾ?"

ಕ್ರೇನ್ ಬಿಟ್ಟು ಇಳಿಯುವ ಮುಂಚೆ ಅದರ ತೋಳು ತಿರುಗುವ ಬ್ರೇಕನ್ನು ಬಿಡಿಸಬೇಕು. ಆಗ ಗಾಳಿ ತಳ್ಳಿದತ್ತ ತೋಳು ತಾನೇ ತಿರುಗಿಕೊಳ್ಳುತ್ತದೆ. ಬಿಗಿದೇ ಬಿಟ್ಟರೆ ಗಾಳಿಗೆ ಎದೆಯೊಡ್ಡಿ ನಿಂತು, ಬುಡವೇ ಕಿತ್ತು ಜನರ ಮೇಲೆ ಉರುಳೀತು. ಕ್ರೇನಿನವರಿಗೆ ಇದು ಮೊದಲ ಪಾಠ, ಮೇಲಿನಕ್ಕನಿಗೆ ಅದನ್ನು ನೆನಪಿಸಬೇಕಾದ ದಿನ ಇದುವರೆಗೆ ಬಂದಿರಲಿಲ್ಲ. ಹಗ್ಗದ ತುದಿಯ ಕೊಂಡಿಯನ್ನು ಮೇಲೆಳೆದು, ಬ್ರೇಕಿನ ಹಿಡಿಗೆ ಕೈ ಹಾಕಿದರೆ ಒಂದು ಕೈಯ ಬಲ ಸಾಲದಾಯಿತು. ಸೀಟಿನಿಂದ ಜಾರಿ, ಮಂಡಿಯೂರಿ, ಎರಡೂ ಕೈಯಲ್ಲಿ ಜಗ್ಗಿದಳು. ಎರಡನೆಯ ಸಲಕ್ಕೆ ಅದು ಕಳಚಿಕೊಂಡಿತು. ಇಡೀ ಕ್ಯಾಬಿನ್ ನಿಧಾನವಾಗಿ ತಿರುಗತೊಡಗಿದ್ದನ್ನು ನೋಡಿ, ಬಿಟ್ಟೆ ಅಜ್ಜ ಎಂದು ಹೇಳಿ ಹಾಗೇ ಒರಗಿಕೊಂಡಳು.

ಹತ್ತಿ ಬಂದವಳು ಹಳದಿ ಬಟ್ಟೆಯವಳು. ಗಂಡಸರು ಹಗ್ಗ ಯಾರು ತರುವುದು, ಸುರಕ್ಷತಾ ಪಟ್ಟಿ ಯಾರು ಹುಡುಕುವುದು ಎಂದು ಗದ್ದಲ ಮಾಡುತ್ತಿದ್ದಾಗ ಅವಳು ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಏಣಿ ಏರಿಬಿಟ್ಟಿದ್ದಳು. ಬಂದವಳು ರಕ್ತ ನೋಡಿ ಒಂದು ಕ್ಷಣ ಕಂಬದಂತೆ ನಿಂತಳು. ಆಮೇಲೆ ತಲೆಯ ಬಟ್ಟೆ ಬಿಚ್ಚಿ ಮಡಿಸಿ ಕೊಟ್ಟು, ಮೇಲಿನಕ್ಕನ ಸೊಂಟದ ಪಟ್ಟಿಗೆ ಹಗ್ಗ ಬಿಗಿದಳು. ಕಂಬಿ ಕಟ್ಟುವ ಕೈಯ ಗಂಟು ಅದು, ಬಿಚ್ಚುವ ಮಾತಿಲ್ಲ. ತಾನು ಕೆಳಗಿನ ಮೆಟ್ಟಿಲಲ್ಲಿ ನಿಂತು, ಮೇಲಿನಕ್ಕನ ಪಾದವನ್ನು ಒಂದೊಂದಾಗಿ ಹಿಡಿದು ಏಣಿಯ ಮೇಲೆ ಇಡಿಸುತ್ತಾ ಇಳಿಸಿದಳು.

ಏಣಿಯ ನಡುದಾರಿಯಲ್ಲಿದ್ದ ಕಬ್ಬಿಣದ ಕಟ್ಟೆಯಲ್ಲಿ ಸುಧಾರಿಸಿಕೊಳ್ಳಲು ಕೂತಾಗ ಅವಳು ಬಾಯಿ ಬಿಟ್ಟಳು.

"ಅಕ್ಕ, ನಿಮಗೆ ಬರೋದೇ ಇಲ್ಲ ಅಂದಿದ್ರಲ್ಲ. ನನಗೂ ಬಂದು ಎಷ್ಟೋ ತಿಂಗಳಾಯ್ತು. ನನಗೂ ಹಿಂಗೇ ಆಗುತ್ತಾ?"

ಮೇಲಿನಕ್ಕ ಉತ್ತರಿಸಬೇಕೆಂದು ಬಾಯಿ ತೆರೆದಳು. ನಾಲಿಗೆ ಹೊರಳಲಿಲ್ಲ. ಅಲ್ಲಿಂದ ಮುಂದಿನದು ಅವಳಿಗೆ ನೆನಪಿಲ್ಲ.

ಆಸ್ಪತ್ರೆಯ ಮಂಚದ ಪಕ್ಕ ರಕ್ತದ ಚೀಲ ತೂಗುತ್ತಿತ್ತು. ಅದೇ ಡಾಕ್ಟರಮ್ಮ, ಪಕ್ಕದಲ್ಲಿ ಅಂಗಡಿಯಿಂದ ಓಡಿಬಂದ ತಂಗಿ. ಹಿಂದಿನ ಮುಟ್ಟು ಯಾವಾಗ ಬಂದಿತ್ತೆಂದು ಡಾಕ್ಟರಮ್ಮ ಕೇಳಿದರು. ತಂಗಿಯೇ ಮುಂದಾಗಿ, ಹೋದ ತಿಂಗಳು ಬಂದಿತ್ತು, ಪ್ಯಾಕೆಟ್ ತೆಗೆದುಕೊಂಡು ಹೋದದ್ದನ್ನು ತಾನು ಕಣ್ಣಾರೆ ಕಂಡಿದ್ದೇನೆ ಎಂದಳು.

"ಇಲ್ಲ ಡಾಕ್ಟ್ರೇ," ಎಂದಳು ಮೇಲಿನಕ್ಕ. "ವರ್ಷದ ಮೇಲಾಯ್ತು."

ತಂಗಿಯ ಮುಖ ಸಣ್ಣದಾಯಿತು. ಹಾಗಾದರೆ ಆ ಪ್ಯಾಕೆಟ್ಟುಗಳೆಲ್ಲ ಎಲ್ಲಿ ಎಂದು ಕೇಳಿದಳು. ಸೀಟಿನ ಹಿಂದೆ ಎಂದು ಉತ್ತರ ಬಂದಾಗ ಕಿಟಕಿಯ ಕಡೆ ತಿರುಗಿ ನಿಂತಳು. ಬೈದಿದ್ದರೆ ಮೇಲಿನಕ್ಕನಿಗೆ ಸಮಾಧಾನವಾಗುತ್ತಿತ್ತು. ತಂಗಿ ಬೈಯಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು.

ಡಾಕ್ಟರಮ್ಮ ಮತ್ತೊಮ್ಮೆ ಬಿಡಿಸಿ ಹೇಳಿದರು. ಅಂಡ ಹೊರಬೀಳದ ತಿಂಗಳುಗಳಲ್ಲಿ ಪದರ ಬೆಳೆಯಲು ಹೇಳುವ ಹಾರ್ಮೋನ್ ಇರುತ್ತದೆ, ಸಾಕು ಕಳಚಿಕೋ ಎಂದು ಹೇಳುವುದು ಇರುವುದಿಲ್ಲ. ಬೆಳೆದದ್ದು ಒಂದು ದಿನ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಕುಸಿದರೆ ಹೀಗೆ ರಕ್ತ ಹೋಗುತ್ತದೆ. ಕುಸಿಯದೆ ಬೆಳೆಯುತ್ತಲೇ ಇದ್ದರೆ ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗಬಹುದು. ಪದರದ ಚೂರೊಂದನ್ನು ಪರೀಕ್ಷೆಗೆ ಕಳಿಸಿದ್ದೇನೆ, ಬರುವವರೆಗೆ ಕಾಯೋಣ ಎಂದರು. ತಪ್ಪು ನನ್ನದೇ ಎಂದು ಮೇಲಿನಕ್ಕ ಶುರುಮಾಡಿದಾಗ, ಕಾಯಿಲೆ ನಿಮ್ಮ ತಪ್ಪಲ್ಲ, ಮುಚ್ಚಿಟ್ಟದ್ದು ಮಾತ್ರ ನಿಮ್ಮದು ಎಂದು ನೇರವಾಗಿಯೇ ಹೇಳಿ ಎದ್ದು ಹೋದರು.

ಆ ಕಾಯುವಿಕೆಯಲ್ಲಿ ಮೇಲಿನಕ್ಕ ಅರ್ಧ ಇಳಿದುಹೋದಳು. ಅಷ್ಟೆತ್ತರದಲ್ಲಿ ತೂಗಾಡುವಾಗ ಒಮ್ಮೆಯೂ ಹೆದರದವಳು, ದಾದಿಯ ಚಪ್ಪಲಿಯ ಸದ್ದಿಗೆ ಬೆಚ್ಚಿಬೀಳತೊಡಗಿದಳು. ನೋಡಲು ಬಂದ ಎಂಜಿನಿಯರ್ ಮಂಚದ ಕಾಲ್ದೆಸೆಯಲ್ಲಿ ನಿಂತು, ಇಂಥ ತೊಂದರೆಯಿಲ್ಲ ಎಂದು ನೀನೇ ಬಾಯಿಬಿಟ್ಟು ಹೇಳಿದ್ದೆಯಲ್ಲ ಎಂದು ಆಕ್ಷೇಪಿಸಿದ.

"ನೀವು ಕೇಳಿದ್ದಕ್ಕೆ ಕೆಲಸ ಸಿಗೋ ಉತ್ತರ ಅದೊಂದೇ ಇತ್ತು ಸಾರ್."

ಅವನು ಕನ್ನಡಕ ತೆಗೆದು ಒರೆಸಿಕೊಂಡ. ಹೋಗುವಾಗ, ಡಾಕ್ಟರ್ ಒಪ್ಪಿದರೆ ಬಾ, ಬದಲಿಗೆ ಬಂದವನು ಗೋಡೆಗೆ ಗುದ್ದಿದ್ದಾನೆ, ಅಜ್ಜ ಅವನಿಗೆ ಸನ್ನೆ ಕೊಡುವುದಿಲ್ಲವೆಂದು ಕೂತಿದ್ದಾನೆ ಎಂದು ಗೊಣಗಿದ.

ಪರೀಕ್ಷೆಯ ಫಲ ಬಂದಾಗ ತಂಗಿ ಅವಳ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಕ್ಯಾನ್ಸರಲ್ಲ. ಪದರ ಮಿತಿಮೀರಿ ಬೆಳೆದಿದೆ, ಹಾಗೇ ಬಿಟ್ಟಿದ್ದರೆ ಮುಂದೆ ಏನಾಗುತ್ತಿತ್ತೋ ಹೇಳಲಾಗದು, ಈಗ ಔಷಧಿಗೆ ಬಗ್ಗುತ್ತದೆ. ದಿನಾ ಮಾತ್ರೆ, ಕೆಲವು ತಿಂಗಳ ನಂತರ ಮತ್ತೊಂದು ಪರೀಕ್ಷೆ, ಆಮೇಲೂ ಮುಟ್ಟಿನ ಮೇಲೆ ಕಣ್ಣು. ಮೇಲಿನಕ್ಕ ಎಲ್ಲದಕ್ಕೂ ತಲೆಯಾಡಿಸಿದಳು. ಬದುಕಿಕೊಂಡೆ ಎಂಬ ಸಂತೋಷ ಬಾಗಿಲು ದಾಟುವವರೆಗೂ ನಿಲ್ಲಲಿಲ್ಲ. ನಡುದಾರಿಯ ಕಟ್ಟೆಯಲ್ಲಿ ಕೇಳಿದ ಪ್ರಶ್ನೆ ನೆನಪಾಯಿತು. ಹಳದಿ ಬಟ್ಟೆಯವಳ ಮನೆ ಎಲ್ಲಿದೆಯೋ, ಅವಳಿಗೆ ಫೋನಿದೆಯೋ ಇಲ್ಲವೋ, ಏನೊಂದೂ ತನಗೆ ಗೊತ್ತಿಲ್ಲ. ಗೊತ್ತಿಲ್ಲದೆಯೇ ಅವಳಿಗೆ ಪುಣ್ಯವಂತೆ ಎಂದು ಪಟ್ಟ ಕಟ್ಟಿದ್ದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಮತ್ತೆ ಕೆಲಸಕ್ಕೆ ಹೋದ ದಿನ ಕ್ಯಾಬಿನ್ ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು. ಯಾರೋ ನೆಲವನ್ನು ಉಜ್ಜಿ ತೊಳೆದಿದ್ದರು. ಉಳಿದ ಪ್ಯಾಕೆಟ್ಟುಗಳನ್ನು ಸೀಟಿನ ಪಕ್ಕಕ್ಕೆ, ಕಣ್ಣಿಗೆ ಕಾಣುವಂತೆ ಜೋಡಿಸಿದ್ದರು. ಮೇಲಿನಕ್ಕ ಕೂತವಳೇ ಮೊದಲು ಕೆಳಗೆ ಹುಡುಕಿದಳು. ಟ್ಯಾಂಕಿನ ಬಳಿ ಹಳದಿ ಕಾಣಲಿಲ್ಲ, ಗೇಟಿನ ಬಳಿಯೂ ಇಲ್ಲ. ಎರಡು ಸಲ ಎತ್ತಿ ಇಳಿಸುವವರೆಗೂ ಜೀವ ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಆ ಮೇಲೆ ಹಿಂದಿನ ಬ್ಲಾಕಿನ ಛಾವಣಿಯಲ್ಲಿ, ಕಂಬಿಗಳ ನಡುವೆ ಬಗ್ಗಿದ್ದ ಹೆಂಗಸೊಬ್ಬಳ ತಲೆ ಕಂಡಿತು. ಬಟ್ಟೆ ಬೇರೆ, ಬಗ್ಗುವ ರೀತಿ ಅದೇ. ಅವಳು ಕೆಲಸದ ನಡುವೆ ನಿಂತು, ಒಂದು ಕೈಯಿಂದ ಕಿಬ್ಬೊಟ್ಟೆ ಒತ್ತಿಕೊಂಡು, ಮತ್ತೆ ಬಗ್ಗಿದಳು.

ಮೇಲಿನಕ್ಕ ಕೊಂಡಿಯನ್ನು ಖಾಲಿಯಾಗಿ ಮೇಲೆಳೆದು, ಬ್ರೇಕ್ ಬಿಡಿಸಿ, ಏಣಿ ಇಳಿದು ಹಿಂದಿನ ಬ್ಲಾಕಿನ ಛಾವಣಿಗೆ ಹೋದಳು.

ಅವಳನ್ನು ಕಂಡು ಕಂಬಿಯವಳು ಕೈಯ ತಂತಿ ಕೆಳಗಿಟ್ಟಳು. ಬಂತೇ ಎಂದು ಮೇಲಿನಕ್ಕ ಕೇಳಿದ್ದಕ್ಕೆ ಇಲ್ಲವೆಂದು ತಲೆಯಾಡಿಸಿ, ದನಿ ತಗ್ಗಿಸಿದಳು.

"ಪುಣ್ಯ ಅಂದಿದ್ರಿ ನೀವು. ನಂಬ್ಕೊಂಡಿದ್ದೆ."

"ಸುಳ್ಳು ಹೇಳಿದ್ದೆ. ನಂಗೂ ಹೇಳ್ಕೊಂಡಿದ್ದೆ, ನಿಂಗೂ ಹೇಳಿದೆ. ನಡಿ, ಡಾಕ್ಟರಮ್ಮ ಕೂತಿರೋ ಹೊತ್ತು."

ಅವಳು ಅಲ್ಲಾಡಲಿಲ್ಲ. ಮೇಸ್ತ್ರಿ ಬಿಡುವುದಿಲ್ಲ, ಏನೆಂದು ಹೇಳಿ ಹೋಗಲಿ, ಗಂಡಸರ ನಡುವೆ ಇದನ್ನು ಬಾಯಿಬಿಟ್ಟರೆ ನಾಳೆಯಿಂದ ತನ್ನ ಕಡೆ ನೋಡುವ ನೋಟವೇ ಬೇರೆಯಾಗುತ್ತದೆ ಎಂದಳು. ಅದು ಹೇಗಿರುತ್ತದೆಂದು ಮೇಲಿನಕ್ಕನಿಗೆ ಗೊತ್ತಿತ್ತು. ಬೆಳಿಗ್ಗೆ ಗೇಟಿನಿಂದ ಏಣಿಯವರೆಗೆ ಆ ನೋಟಗಳ ನಡುವೆಯೇ ನಡೆದು ಬಂದಿದ್ದಳು.

ಅಷ್ಟರಲ್ಲಿ ಅವಳ ಸೊಂಟದ ವಾಕಿಟಾಕಿ ಕರಕರ ಎಂದಿತು. ಕ್ರೇನ್ ಯಾಕೆ ನಿಂತಿದೆ ಎಂದು ಎಂಜಿನಿಯರ್ ಕೇಳುತ್ತಿದ್ದ. ಕಂಬಿಯವಳ ಮುಖದಲ್ಲಿ ರಕ್ತವಿರಲಿಲ್ಲ. ಮೇಲಿನಕ್ಕ ಅವಳ ಮೊಣಕೈ ಹಿಡಿದುಕೊಂಡೇ ಗುಂಡಿ ಒತ್ತಿದಳು.

"ನನಗೆ ಮುಟ್ಟಿನ ತೊಂದರೆ ಸಾರ್. ಡಾಕ್ಟರ ಹತ್ರ ಹೋಗ್ತಿದ್ದೀನಿ. ಒಬ್ಬಳೇ ಹೋಗಕ್ಕೆ ಭಯ, ಇವಳನ್ನ ಜೊತೆಗೆ ಕರ್ಕೊಂಡು ಹೋಗ್ತೀನಿ. ನಾವು ಬರೋವರೆಗೆ ಕೊಂಡಿ ಏಳಲ್ಲ."

ಎಂಜಿನಿಯರ್‌ಗಿಂತ ಮೊದಲು ಬಂದದ್ದು ಅಜ್ಜನ ಧ್ವನಿ, ಗಾಳಿಗೆ ಬಿಟ್ಟೆಯಾ ತಾಯಿ ಎಂದು. ಬಿಟ್ಟಿದ್ದೀನಿ ಎಂದಳು. ಹೋಗಿ ಬನ್ನಿ ಹಾಗಾದರೆ ಎಂದ.

ತೊಂದರೆ ತನಗೆಂದು ಹೇಳಿದ ಇದೂ ಸುಳ್ಳೇ. ಇಬ್ಬರೂ ಗೇಟಿನ ಕಡೆ ನಡೆದರು. ದಾರಿಯಲ್ಲಿದ್ದ ಗಂಡಸರು ನೋಡಿದ್ದು ಮೇಲಿನಕ್ಕನನ್ನು ಮಾತ್ರ.